ಮಾಸ್ತರ್, ಇದರಲ್ಲಿ ‘ಸಾ’ ಎಲ್ಲಿದೆ?

ಒಂದೇ ಸ್ವರ ಒಬ್ಬನಿಗೆ ‘ಸಿ ಶಾರ್ಪ್’, ಇನ್ನೊಬ್ಬನಿಗೆ ‘ಕಾಲೀ ಏಕ್’, ಮೂರನೆಯವನಿಗೆ ‘ಆ ಮೊದಲನೇ ಕರಿ ಕೀಲಿ’. ಮುಂಬೈಯ ವಾದ್ಯಮೇಳಗಳಲ್ಲಿ ಒಂದಲ್ಲ ಒಂದು ದಿನ ಪೆದ್ದರಾಗದವರು ಯಾರೂ ಇಲ್ಲ. ಕೇಳಿದರೆ ನಗುತ್ತಾರೆ, ಕೇಳದೆ ನಿಂತರೆ ಮೆರವಣಿಗೆ ಮುಂದಿನ ತಿರುವಿಗೆ ಹೋಗಿರುತ್ತದೆ!

ಚೌತಿಗೆ ಇನ್ನೂ ದಿನಗಳಿವೆ. ಆದರೆ ಪರೇಲ್–ಲಾಲ್‌ಬಾಗ್ ಕಡೆ ಭಾನುವಾರ ಬಂತೆಂದರೆ ಬಸ್ಸು ಅಲುಗುವುದಿಲ್ಲ. ಮೂರ್ತಿಗಳು ವರ್ಕ್‌ಶಾಪುಗಳಿಂದ ಮಂಟಪಕ್ಕೆ ಹೊರಡುವ ‘ಆಗಮನ’ದ ಮೆರವಣಿಗೆಗಳು ಬೀದಿ ತುಂಬಿರುತ್ತವೆ. ಫ್ಲೈಓವರ್ ಕೆಳಗೆ ಒಂದು ಬ್ಯಾಂಜೊ ಪಾರ್ಟಿ ಸಜ್ಜಾಗುತ್ತಿದೆ. ಟೆಂಪೊ ಮೇಲೆ ಸ್ಪೀಕರ್, ಅದರ ಹಿಂದೆ ಗುರುಗುಟ್ಟುವ ಜನರೇಟರ್. ಒಬ್ಬ ಕೀಬೋರ್ಡಿನ ಮೇಲಿನ ಮಳೆನೀರನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದಾನೆ.

ತಾಶಾ ಬಾರಿಸಲು ಹೊಸದಾಗಿ ಸೇರಿದ ಹುಡುಗನಿಗೆ ಹದಿನಾರೋ ಹದಿನೇಳೋ ಇರಬೇಕು. ಅವನು ಧೈರ್ಯ ಮಾಡಿ ಹಿರಿಯನನ್ನು ಕೇಳಿದ: “ದಾದಾ, ನಾನು ಎಲ್ಲಿಂದ ಎತ್ತಬೇಕು?”

“ಮೊದಲು ನೆಲದಿಂದ ಎತ್ತು.”

ಹುಡುಗನ ತಾಶಾ ಇನ್ನೂ ರಸ್ತೆಯ ಮೇಲೆಯೇ ಕೂತಿತ್ತು. ಇಡೀ ಪಾರ್ಟಿ ನಕ್ಕಿತು. ಹುಡುಗನೂ ನಕ್ಕು, ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡ. ದಾದಾ ಆಮೇಲೆ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ ಹೇಳಿದ: “ನನ್ನ ಬಲಭುಜ ನೋಡ್ತಾ ಇರು. ಅದು ಇಳಿದಾಗ ನಿನ್ನ ಕಡ್ಡಿ ಇಳೀಬೇಕು. ನನ್ನ ಮುಖ ನೋಡಬೇಡ, ನಾನು ಸುಮ್ಮನೆ ನಗ್ತಾ ಇರ್ತೇನೆ.”

“ಮತ್ತೆ ನಿಲ್ಲಿಸೋದು?”

“ಪೊಲೀಸ್ ಬಂದಾಗ.”

ಎಲ್ಲಿ ಶುರು, ಎಲ್ಲಿ ಮುಕ್ತಾಯ? ಸಿಂಫನಿ ಆರ್ಕೆಸ್ಟ್ರಾ ಇರಲಿ, ಊರ ಜಾತ್ರೆಯ ವಾಲಗ ಇರಲಿ, ಹೊಸಬನ ಎದೆ ಬಡಿದುಕೊಳ್ಳುವುದು ಈ ಎರಡು ಜಾಗಗಳಲ್ಲೇ. ನಡುವಿನದ್ದನ್ನು ಹೇಗೋ ತಳ್ಳಬಹುದು. ಮುಂಬೈಯ ವಿಶೇಷ ಏನೆಂದರೆ, ಇಲ್ಲಿ ಈ ಪ್ರಶ್ನೆಗಳನ್ನು ಕೇಳುವುದಕ್ಕೆ ಹನ್ನೆರಡು ವರ್ಷ ಗುರುಸೇವೆ ಮಾಡಬೇಕಾಗಿಲ್ಲ. ಸುಪಾರಿ ಹಿಡಿದಾಗಿದೆ, ಗಿರಾಕಿ ಕಾಯುತ್ತಿದ್ದಾನೆ. ಈಗಲೇ ಕೇಳಬೇಕು, ಈಗಲೇ ಉತ್ತರ ಬರಬೇಕು. ಬ್ಯಾಂಡಿನವರ ಬಾಯಲ್ಲಿ ಸುಪಾರಿ ಎಂದರೆ ಮುಂಗಡ ಕೊಟ್ಟ ಬುಕಿಂಗ್, ಗಾಬರಿ ಬೇಡ.

ಬಾಕ್ಸ್: ಟೈಪ್‌ರೈಟರ್ ಕೀಲಿಯ ತಂತಿವಾದ್ಯ
ಗಣಪತಿ ಮೆರವಣಿಗೆಯ ಬ್ಯಾಂಜೊ ನಿಜಕ್ಕೂ ಬುಲ್‌ಬುಲ್ ತರಂಗ. ಎಡಗೈ ಟೈಪ್‌ರೈಟರಿನಂಥ ಕೀಲಿಗಳನ್ನು ಒತ್ತಿದರೆ ತಂತಿಯ ಮಿಡಿಯುವ ಉದ್ದ ಕಡಿಮೆಯಾಗುತ್ತದೆ. ಬಲಗೈಯ ಪಿಕ್ ತಂತಿಗಳನ್ನು ಮೀಟುತ್ತದೆ. ಇದರ ಪೂರ್ವಜ ಜಪಾನಿನ ತೈಶೊಗೊತೊ. ಅದನ್ನು ನಾಗೋಯಾದ ಮೊರಿತಾ ಗೊರೊ 1912ರಲ್ಲಿ ರೂಪಿಸಿದ. ಮುಂಬೈಯವರು ಅದಕ್ಕೆ ಪಿಕಪ್ ಕೂರಿಸಿ ಕರೆಂಟು ಕೊಟ್ಟರು. ರಿತೇಶ್ ದೇಶಮುಖ್ ನಟಿಸಿದ ‘ಬ್ಯಾಂಜೊ’ (2016) ಸಿನಿಮಾ ಇಂಥ ಪಾರ್ಟಿಯವರ ಕಥೆ.

ಹಾವಿಲ್ಲದ ನಾಗಿನ್

ಬೀದಿಯಲ್ಲಿ ಬಾರಿಸುವವನಿಗೆ ತಪ್ಪದ ಹಾಡು ‘ನಾಗಿನ್’. ಯಾರೋ ಒಬ್ಬ ಕರವಸ್ತ್ರದ ತುದಿಯನ್ನು ಬಾಯಲ್ಲಿ ಕಚ್ಚಿ ಪುಂಗಿಯಾಗುತ್ತಾನೆ, ಇನ್ನೊಬ್ಬ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಟಾರು ರಸ್ತೆಯ ಮೇಲೆ ಬಿದ್ದು ಹೊರಳುತ್ತಾನೆ. ಮದುವೆ ಬ್ಯಾಂಡಿಗೆ ಹೊಸದಾಗಿ ಬಂದವರು ಕೇಳುವ ಪ್ರಶ್ನೆಯೊಂದಿದೆ: “ಹಾವು ಏಳದಿದ್ದರೆ ಏನು ಮಾಡೋದು?” ಉತ್ತರ: “ಅವನ ಬಾಯಲ್ಲಿ ನೋಟು ಇರೋವರೆಗೂ ಊದು.”

ಇದೇ ಜಾಡಿನ ಇನ್ನೊಂದು ಜೋಕು. ಸ್ಟುಡಿಯೊದವನೊಬ್ಬ ಬ್ಯಾಂಡಿನ ಕ್ಲಾರಿನೆಟ್ ಮಾಸ್ತರನ್ನು ತುಸು ಕೊಂಕಾಗಿಯೇ ಕೇಳಿದನಂತೆ: “ನಿಮಗೆ ನೋಟ್ಸ್ ಓದಲು ಬರುತ್ತದೆಯೇ?” ಮಾಸ್ತರು ಹೇಳಿದರಂತೆ: “ಬರುತ್ತೆ ಸಾಹೇಬರೇ. ನೂರರದ್ದೂ ಬರುತ್ತೆ, ಐನೂರರದ್ದೂ ಬರುತ್ತೆ.”

ಆದರೆ ‘ನಾಗಿನ್’ ಬಗ್ಗೆ ಕೇಳಬೇಕಾದ ನಿಜವಾದ ಪೆದ್ದು ಪ್ರಶ್ನೆ ಬೇರೆಯೇ ಇದೆ: ಆ ಪುಂಗಿ ಊದಿದ ಹಾವಾಡಿಗ ಯಾರು? ಯಾರೂ ಇಲ್ಲ. 1954ರ ಆ ಚಿತ್ರಕ್ಕೆ ಸಂಗೀತ ಹೇಮಂತ್ ಕುಮಾರ್ ಅವರದು. ಪುಂಗಿಯ ನಾದ ಬಂದದ್ದು ಕ್ಲಾವಿಯೋಲಿನ್ ಎಂಬ ವಿದ್ಯುತ್ ಕೀಲಿಮಣೆಯಿಂದ. ಅದನ್ನು ನುಡಿಸಿದವರು ಮುಂದೆ ಕಲ್ಯಾಣ್‌ಜಿ–ಆನಂದ್‌ಜಿ ಜೋಡಿಯ ಹಿರಿಯರಾದ ಕಲ್ಯಾಣ್‌ಜಿ, ಜೊತೆಗೆ ಹಾರ್ಮೋನಿಯಂನಲ್ಲಿ ರವಿ. ಎಪ್ಪತ್ತು ವರ್ಷಗಳಿಂದ ದೇಶದ ಗಂಡಿನ ದಿಬ್ಬಣಗಳೆಲ್ಲ ಒಂದು ಫ್ರೆಂಚ್ ಮೂಲದ ಯಂತ್ರಕ್ಕೆ ಹೆಡೆಯಾಡಿಸುತ್ತಿವೆ. ಈಗ ಬ್ಯಾಂಡಿನವರು ಅದನ್ನು ಕ್ಲಾರಿನೆಟ್‌ನಲ್ಲಿ ನುಡಿಸುತ್ತಾರೆ. ಅಸಲಿ ಪುಂಗಿಯಲ್ಲಿ ನುಡಿಸಿದರೆ ಜನ “ಹಾಗಲ್ಲ, ಸರಿಯಾಗಿ ನುಡಿಸಿ” ಎಂದಾರೋ ಏನೋ.

ಧೋಬಿ ತಲಾವ್‌ನ ಚಹಾ, ತಾರ್‌ದೇವ್‌ನ ಶಿಫ್ಟು

ಕಳೆದ ಶತಮಾನದ ನಡುಭಾಗದಲ್ಲಿ, ಮುಂಬೈಯಲ್ಲಿ ಕೆಲಸ ಹುಡುಕುವ ವಾದ್ಯಗಾರ ಮೊದಲು ಹೋಗುತ್ತಿದ್ದದ್ದು ಧೋಬಿ ತಲಾವ್‌ಗೆ. ಒಂದೊಂದು ಊರಿನವರಿಗೆ ಒಂದೊಂದು ‘ಕೂಡ್’ ಎಂಬಂತೆ ಗೋವಾದವರ ವಸತಿಕ್ಲಬ್ಬುಗಳು ಅಲ್ಲಿದ್ದವು. ಸಂಜೆ ಜಪಮಾಲೆ, ರಾತ್ರಿ ಹಾಸಿಗೆ, ಗೋಡೆಯುದ್ದಕ್ಕೂ ಟ್ರಂಕುಗಳು. 1865ರಲ್ಲಿ ಶುರುವಾದ ಫುರ್ಟಾಡೋಸ್ ವಾದ್ಯದಂಗಡಿಯೂ ಅಲ್ಲೇ. ಆಲ್‌ಫ್ರೆಡ್ ರೆಸ್ಟೋರೆಂಟಿನಲ್ಲಿ ಚಹಾ ಮುಂದಿಟ್ಟುಕೊಂಡು ಕೂತರೆ ಯಾರಿಗೆ ಪಿಟೀಲು ಬೇಕು, ಯಾರಿಗೆ ಟ್ರಂಪೆಟ್ ಬೇಕು ಎಂಬ ಸುದ್ದಿ ತಾನಾಗಿ ಬಂದು ಕಿವಿಗೆ ಬೀಳುತ್ತಿತ್ತು.

ಸಿನಿಮಾದವರಿಗೆ ಗೋವಾದವರೇ ಯಾಕೆ ಬೇಕಿತ್ತು? ಅವರು ಕಾಗದ ನೋಡಿ ನುಡಿಸುತ್ತಿದ್ದರು. ಪೋರ್ಚುಗೀಸರ ಕಾಲದ ಇಗರ್ಜಿ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರದ ಜೊತೆಗೆ ಸ್ಟಾಫ್ ನೊಟೇಶನ್ ಕಲಿಸುತ್ತಿದ್ದರು. ಸಂಗೀತ ನಿರ್ದೇಶಕ ಹಾರ್ಮೋನಿಯಂ ಹಿಡಿದು ಹಾಡು ಗುನುಗುತ್ತಾನೆ, ಗೋವಾದ ಅರೇಂಜರ್ ಅದನ್ನು ಐದು ಗೆರೆಗಳ ಮೇಲೆ ಇಳಿಸಿ ಪಿಟೀಲಿನವರಿಗೆಲ್ಲ ಹಂಚುತ್ತಾನೆ. ಅವರು ಅದನ್ನು ನೋಡಿದ್ದೇ ತಡ, ನುಡಿಸುತ್ತಾರೆ.

ತಾರ್‌ದೇವ್‌ನ ರೆಕಾರ್ಡಿಂಗ್ ಹಾಲಿನ ಇನ್ನೊಂದು ಮೂಲೆಯಲ್ಲಿ ಸಾರಂಗಿ, ಸಿತಾರ್, ತಬಲಾ. ಅವರಿಗೆ ಆ ಕಾಗದ ಇರುವೆ ಸಾಲು. ಗೋವಾದವರಿಗೋ ರಾಗ ಎಂದರೆ ದಿಕ್ಕು ತಪ್ಪಿದ ಕಾಡು. ಪಾರ್ಸಿ ತಾಳವಾದ್ಯಗಾರ, ಕೋಲ್ಕತ್ತದಿಂದ ಬಂದ ನೇಪಾಳಿ ಮೂಲದ ಸ್ಯಾಕ್ಸೊಫೋನಿಗ, ಪಂಜಾಬಿನ ಢೋಲಕ್‌ನವನು ಎಲ್ಲರೂ ಒಂದೇ ಮೈಕಿನ ಸುತ್ತ. ಟ್ರ್ಯಾಕ್ ಬೇರೆ ಬೇರೆ ಮಾಡಿ ತಿದ್ದುವ ಸೌಕರ್ಯ ಆಗ ಇರಲಿಲ್ಲ. ಹಾಡು ಮುಗಿಯುವ ಹೊತ್ತಿಗೆ ಒಬ್ಬ ತಪ್ಪಿದರೂ ಲತಾ ಮಂಗೇಶ್ಕರ್ ಸಮೇತ ಎಲ್ಲರೂ ಮತ್ತೆ ಮೊದಲಿಂದ. ಇಂಥ ಜಾಗದಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ನಟಿಸುವವನೇ ಎಲ್ಲರಿಗೂ ಅಪಾಯ. ಕೇಳುವವನು ಎಷ್ಟೋ ವಾಸಿ.

ಆ ಕೋಣೆಯಲ್ಲಿ ಪ್ರತಿಯೊಬ್ಬನೂ ಒಂದು ವಿಷಯದಲ್ಲಿ ಉಸ್ತಾದ್, ಪಕ್ಕದ ಕುರ್ಚಿಯವನ ವಿಷಯದಲ್ಲಿ ಅಕ್ಷರಾಭ್ಯಾಸ ಆಗದ ಮಗು. ಇವತ್ತು ನಿನ್ನನ್ನು ನೋಡಿ ನಕ್ಕವನು ನಾಳೆ ನಿನ್ನ ಬಳಿಯೇ ‘ಮೀಂಡ್ ಹೇಗೆ ಎಳೀತೀಯ’ ಎಂದು ಕೇಳಲು ಬರಬೇಕು. ನಗು ಕಹಿಯಾಗದೆ ಉಳಿದದ್ದು ಈ ಲೆಕ್ಕಾಚಾರದಿಂದ ಎಂಬುದು ನನ್ನ ಗುಮಾನಿ. ಘರಾಣೆಯ ಮನೆಯಲ್ಲಿ ನಗು ಮೇಲಿಂದ ಕೆಳಕ್ಕೆ ಮಾತ್ರ ಹರಿಯುತ್ತದೆ. ಶಿಫ್ಟಿನ ಲೆಕ್ಕದಲ್ಲಿ ಪಗಾರ ಪಡೆಯುವವರ ನಡುವೆ ಅದು ನಾಲ್ಕೂ ಕಡೆ ಓಡಾಡುತ್ತದೆ.

ಬಾಕ್ಸ್: ನಾನು ‘ಸಿ’ ಊದಿದೆ, ‘ಕಾಲೀ ಪಾಂಚ್’ ಯಾಕೆ ಬಂತು?
ಹಾರ್ಮೋನಿಯಂ ನೋಡಿ ಶ್ರುತಿ ಹೇಳುವವರಿಗೆ ಸಿ ಎಂದರೆ ‘ಸಫೇದ್ ಏಕ್’, ಸಿ ಶಾರ್ಪ್ ‘ಕಾಲೀ ಏಕ್’, ಮುಂದಿನ ಕರಿ ಕೀಲಿ ‘ಕಾಲೀ ದೋ’, ಹೀಗೆ ಐದರವರೆಗೆ. ಇಲ್ಲಿಯವರೆಗೆ ಸರಳ. ತಲೆ ಕೆಡುವುದು ಊದುವ ವಾದ್ಯಗಳಲ್ಲಿ. ಬ್ಯಾಂಡಿನ ಸಾಮಾನ್ಯ ಟ್ರಂಪೆಟ್, ಕ್ಲಾರಿನೆಟ್ ಮತ್ತು ಟೆನರ್ ಸ್ಯಾಕ್ಸೊಫೋನ್ ‘ಬಿ ಫ್ಲಾಟ್’ ವಾದ್ಯಗಳು. ಅವನ್ನು ನುಡಿಸುವವನು ತನ್ನ ಕಾಗದದ ‘ಸಿ’ ಊದಿದರೆ ಹೊರಗೆ ಕೇಳುವುದು ಬಿ ಫ್ಲಾಟ್, ಅಂದರೆ ಕಾಲೀ ಪಾಂಚ್. ಆಲ್ಟೊ ಸ್ಯಾಕ್ಸೊಫೋನ್ ‘ಇ ಫ್ಲಾಟ್’ ವಾದ್ಯ. ಅದರ ‘ಸಿ’ ಕೇಳಿಸುವುದು ಕಾಲೀ ದೋ ಆಗಿ. ಹೊಸಬನಿಗೆ ತನ್ನ ವಾದ್ಯವೇ ಕೆಟ್ಟಿದೆ ಎನ್ನಿಸುತ್ತದೆ. ಅದನ್ನು ರಿಪೇರಿಗೆ ಒಯ್ಯುವ ಮೊದಲು ಪಕ್ಕದವನನ್ನು ಕೇಳುವುದು ಅಗ್ಗ.

ಮೊಟ್ಟೆಯಿಂದ ಹೊರಬಂದ ಗುರು

ಕಾಗದ ಮತ್ತು ರಾಗದ ಈ ಎರಡು ಮೂಲೆಗಳ ನಡುವೆ ಎದ್ದು ಓಡಾಡಿದವರಲ್ಲಿ ಮೊದಲ ಹೆಸರು ಆಂಥನಿ ಗೊನ್ಸಾಲ್ವಿಸ್. ಗೋವಾದ ಮಜೋರ್ಡಾದಲ್ಲಿ 1927ರಲ್ಲಿ ಹುಟ್ಟಿದ ಇವರು 1943ರಲ್ಲಿ ಪಿಟೀಲು ಹಿಡಿದು ಮುಂಬೈಗೆ ಬಂದು ನೌಷಾದ್ ಅವರ ವಾದ್ಯವೃಂದ ಸೇರಿದರು. ಜೊತೆಯವರು ರಾಗದ ತಂಟೆಗೆ ಹೋಗದಿದ್ದಾಗ ಇವರಿಗೆ ಅದರ ಹುಚ್ಚು ಹತ್ತಿತು. ಕಾಗದ ನೋಡಿ ಸರಾಗ ನುಡಿಸಬಲ್ಲ ಪಿಟೀಲುಗಾರ ಹಿಂದೂಸ್ತಾನಿ ಪಂಡಿತರ ಎದುರು ಮತ್ತೆ ಸಾರೇಗಮದಿಂದ ಶುರುಮಾಡಿದರು.

ಅದರ ಫಲ 1958ರಲ್ಲಿ ಕಂಡಿತು. ಸೇಂಟ್ ಝೇವಿಯರ್ಸ್ ಕಾಲೇಜಿನ ಅಂಗಳದಲ್ಲಿ ‘ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾ’ ಎಂಬ ಹೆಸರಿನಲ್ಲಿ ಅವರು ರಾಗಗಳನ್ನು ಪಾಶ್ಚಾತ್ಯ ವಾದ್ಯವೃಂದಕ್ಕೆ ಹೊಂದಿಸಿ ಕಛೇರಿ ಮಾಡಿದರು. ಹಾಡಿದವರು ಲತಾ ಮಂಗೇಶ್ಕರ್ ಮತ್ತು ಮನ್ನಾ ಡೇ. ಅರವತ್ತರ ದಶಕದ ನಡುವಿನಲ್ಲಿ ಗೊನ್ಸಾಲ್ವಿಸ್ ಅಮೆರಿಕಕ್ಕೆ ಹೋದರು, ಮುಂಬೈ ನಿಧಾನವಾಗಿ ಮರೆಯಿತು.

ಮರೆಯದವನೊಬ್ಬ ಶಿಷ್ಯನಿದ್ದ. ಟ್ರಂಪೆಟ್ ವಾದಕ ರಾಮಪ್ರಸಾದ್ ಶರ್ಮಾ ಅವರ ಮಗ, ಪಿಟೀಲು ಕಲಿಯಲು ಬಂದ ಹುಡುಗ ಪ್ಯಾರೇಲಾಲ್. ಆ ಹುಡುಗ ಲಕ್ಷ್ಮೀಕಾಂತ್–ಪ್ಯಾರೇಲಾಲ್ ಜೋಡಿಯ ಅರ್ಧವಾಗಿ ಬೆಳೆದ ಮೇಲೆ, 1977ರ ‘ಅಮರ್ ಅಕ್ಬರ್ ಆಂಥನಿ’ಗೆ ಸಂಗೀತ ಕೊಡುವಾಗ ಗುರುವಿನ ಹೆಸರನ್ನು ಹಾಡಿಗೆ ಸೇರಿಸಲಾಯಿತು. ಟೋಪಿ ಹಾಕಿದ ಅಮಿತಾಭ್ ಬಚ್ಚನ್ ದೊಡ್ಡದೊಂದು ಈಸ್ಟರ್ ಮೊಟ್ಟೆ ಒಡೆದು ಹೊರಬಂದು, ಅರ್ಥವಿಲ್ಲದ ಇಂಗ್ಲಿಷ್ ಬಡಬಡಿಸಿ, ತನ್ನ ಹೆಸರು ಆಂಥನಿ ಗೊನ್ಸಾಲ್ವಿಸ್ ಎಂದು ಸಾರಿದ.

ಗಂಭೀರ ಸಿಂಫನಿಕಾರನ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಒಬ್ಬ ವಿದೂಷಕನ ಮೂಲಕ. ಇದನ್ನು ಅಪಚಾರ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಫಲಕ ಹಾಕಿ ಹಾರ ತೊಡಿಸಿದ್ದರೆ ಮರುವರ್ಷವೇ ಧೂಳು ಹಿಡಿಯುತ್ತಿತ್ತು. ಬ್ಯಾಂಡಿನವರು ಬ್ಯಾಂಡಿನವನಿಗೆ ಸಲ್ಲಿಸಿದ ಗುರುದಕ್ಷಿಣೆ ಹೀಗೇ ಇರಬೇಕು. ಗೊನ್ಸಾಲ್ವಿಸ್ 2012ರ ಜನವರಿಯಲ್ಲಿ ತೀರಿಕೊಂಡಾಗ ಪತ್ರಿಕೆಗಳು ಅವರ ಪರಿಚಯವನ್ನು ಆ ಹಾಡಿನಿಂದಲೇ ಶುರುಮಾಡಿದವು.

‘ಇದನ್ನು ಊದಿದರೆ ಏನಾಗುತ್ತೆ?’

ಪ್ಯಾರೇಲಾಲ್ ಅವರಂತೆ ಗೊನ್ಸಾಲ್ವಿಸ್ ಬಳಿ ಪಿಟೀಲು ಕಲಿತ ಇನ್ನೊಬ್ಬ ರಾಹುಲ್ ದೇವ್ ಬರ್ಮನ್. ಅಪ್ಪ ಸಂಗೀತ ಕೊಟ್ಟ ‘ಸೋಲ್ವಾ ಸಾಲ್’ (1958) ಚಿತ್ರದ ಹಾಡಿಗೆ ಮೌತ್ ಆರ್ಗನ್ ನುಡಿಸಿದ ಹುಡುಗ. ಮುಂದೆ ಸ್ವತಂತ್ರ ಸಂಗೀತ ನಿರ್ದೇಶಕನಾದ ಮೇಲೂ ಈ ಪಂಚಮ್‌ದಾ ಮಕ್ಕಳ ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ. ಬಾಚಣಿಗೆಯ ಹಲ್ಲು ಕೆರೆದರೆ? ‘ಪಡೋಸನ್’ (1968) ಹಾಡಿನಲ್ಲಿ ಆ ಕರಕರ ಕೇಳುತ್ತದೆ. ಗಾಜಿನ ಲೋಟಕ್ಕೆ ಚಮಚ ತಾಗಿಸಿದರೆ? ‘ಯಾದೋಂ ಕೀ ಬಾರಾತ್’ (1973) ಹಾಡಿನ ಮೊದಲ ಟಿಂಗ್ ಅದೇ. ಅರ್ಧ ತುಂಬಿದ ಬಿಯರ್ ಬಾಟಲಿಯ ಬಾಯಿಗೆ ಊದಿದರೆ? ‘ಶೋಲೆ’ (1975) ಚಿತ್ರದ ‘ಮೆಹಬೂಬಾ’ ಹಾಡಿಗೆ ಹೊಸ ವಾದ್ಯವೇ ಸಿಕ್ಕಿತು.

ಬಾಟಲಿಯಲ್ಲಿ ದ್ರವ ಹೆಚ್ಚಿದ್ದಷ್ಟೂ ಒಳಗಿನ ಗಾಳಿಗೆ ಜಾಗ ಕಡಿಮೆ, ಸ್ವರ ಮೇಲಕ್ಕೆ. ಆದ್ದರಿಂದ ಶ್ರುತಿ ಇಳಿಸಬೇಕೆಂದರೆ ಒಂದು ಗುಟುಕು ಕುಡಿಯಬೇಕು. ಇಷ್ಟು ಶ್ರದ್ಧೆಯಿಂದ ಶ್ರುತಿ ಸೇರಿಸುವ ವಾದ್ಯ ವಾದ್ಯಗಾರರಿಗೆ ಇನ್ನೊಂದು ಸಿಕ್ಕಿರಲಾರದು.

ಪಂಚಮ್‌ದಾ ತಂಡದ ಮನೋಹಾರಿ ಸಿಂಗ್ ಕೂಡ ಬ್ಯಾಂಡಿನ ಕೂಸೇ. ಕೋಲ್ಕತ್ತದ ಬಾಟಾ ಕಂಪನಿಯ ಬ್ಯಾಂಡಿನಲ್ಲಿ ಪಳಗಿ, 1958ರ ಸುಮಾರಿಗೆ ಮುಂಬೈಗೆ ಬಂದವರು. ಹಿಂದಿ ಚಿತ್ರಗೀತೆಗಳಲ್ಲಿ ಎದೆ ತಟ್ಟುವ ಸ್ಯಾಕ್ಸೊಫೋನ್ ಕೇಳಿದಾಗ ಹತ್ತರಲ್ಲಿ ಹಲವು ಸಲ ಅದು ಅವರದೇ.

ಎಲ್ಲರ ನಗುವನ್ನೂ ನಿಲ್ಲಿಸುವಂಥ ಪ್ರಶ್ನೆ ಕೇಳಿದವರು ಮಾತ್ರ ಹರಿಪ್ರಸಾದ್ ಚೌರಾಸಿಯಾ. 1962ರಲ್ಲಿ ಮುಂಬೈಗೆ ಬಂದು ಸಿನಿಮಾ ಸ್ಟುಡಿಯೊಗಳಲ್ಲಿ ಕೈತುಂಬ ಕೆಲಸವಿದ್ದ ಕೊಳಲುಗಾರ, ಹಿಂದೂಸ್ತಾನಿ ಸಂಗೀತದ ಗುರು ಅನ್ನಪೂರ್ಣಾದೇವಿಯವರ ಬಾಗಿಲಿಗೆ ಹೋಗಿ ‘ಕಲಿಸಿ’ ಎಂದರು. ಕಲಿತದ್ದನ್ನೆಲ್ಲ ಬಿಟ್ಟು ಬರಬೇಕೆಂಬುದು ಅವರ ಕರಾರು. ಚೌರಾಸಿಯಾ ಕೊಳಲನ್ನು ಹಿಡಿಯುವ ಬದಿಯನ್ನೇ ಬಲದಿಂದ ಎಡಕ್ಕೆ ಬದಲಿಸಿಕೊಂಡರು. ಬೆರಳುಗಳಿಗೆ ಗೊತ್ತಿದ್ದದ್ದೆಲ್ಲ ಒಂದೇ ಏಟಿಗೆ ಸೊನ್ನೆ! ಇಂದಿಗೂ ಅವರ ಫೋಟೊಗಳಲ್ಲಿ ಕೊಳಲು ಎಡಕ್ಕೇ ಚಾಚಿದೆ.

ಸಜಿಪದ ಹುಡುಗ, ಕ್ಯಾಲಿಫೋರ್ನಿಯದ ಹಿರಿಯ

ನಮ್ಮವರ ಕಥೆಗೆ ಬರೋಣ. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಗೋಪಾಲನಾಥ್ ಅವರ ತಂದೆ ತನಿಯಪ್ಪ ನಾಗಸ್ವರ ವಾದಕರು. ಮಗನಿಗೂ ಅದೇ ದಾರಿ ಇತ್ತು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಹುಡುಗ ಮರುಳಾದ. ‘ಇದರಲ್ಲಿ ಗಮಕ ಬರುತ್ತದೆಯೇ’ ಎಂಬುದು ಆಗ ಯಾರಾದರೂ ಕೇಳಬಹುದಾಗಿದ್ದ ಮೊದಲ ಪ್ರಶ್ನೆ. ನಾಗಸ್ವರದ ರಂಧ್ರಗಳ ಮೇಲೆ ಬೆರಳು ಜಾರಿಸಿ ಸ್ವರವನ್ನು ತೂಗಬಹುದು. ಸ್ಯಾಕ್ಸೊಫೋನಿನಲ್ಲಿ ಬೆರಳು ಮುಟ್ಟುವುದು ರಂಧ್ರವನ್ನಲ್ಲ, ಲೋಹದ ಕೀಲಿಯನ್ನು. ಕೀಲಿ ಒಂದೋ ಮುಚ್ಚಿರುತ್ತದೆ, ಇಲ್ಲವೇ ತೆರೆದಿರುತ್ತದೆ. ಸ್ವರದಿಂದ ಸ್ವರಕ್ಕೆ ಜಾರಬೇಕಾದರೆ ತುಟಿಯ ಹಿಡಿತ, ಗಂಟಲು, ಉಸಿರು ಎಲ್ಲವೂ ಕೈಗೂಡಬೇಕು. ಆಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದಾಗ ಆನಂದಭೈರವಿಯನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲವಷ್ಟೆ.

ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್, ಆಮೇಲೆ ಚೆನ್ನೈಯ ಟಿ.ವಿ. ಗೋಪಾಲಕೃಷ್ಣನ್ ಅವರ ಬಳಿ ವರ್ಷಗಟ್ಟಲೆ ಕಲಿತು ಗೋಪಾಲನಾಥ್ ಆ ವಾದ್ಯವನ್ನು ಬಗ್ಗಿಸಿದರು. ನಿರ್ಣಾಯಕ ತಿರುವು ಸಿಕ್ಕಿದ್ದು ಮುಂಬೈಯಲ್ಲಿ. ಈ ನಗರದಲ್ಲಿ 1978ರಿಂದ ‘ಜಾಝ್ ಯಾತ್ರಾ’ ನಡೆಯುತ್ತಿತ್ತು. ಮೊದಲ ವರ್ಷವೇ ಸಾನಿ ರಾಲಿನ್ಸ್ ಬಂದು ನುಡಿಸಿದ್ದರು. 1980ರ ಮುಂಬೈ ಜಾಝ್ ಉತ್ಸವದಲ್ಲಿ ಕ್ಯಾಲಿಫೋರ್ನಿಯದ ಸ್ಯಾಕ್ಸೊಫೋನಿಗ ಜಾನ್ ಹ್ಯಾಂಡಿ ಇದ್ದರು. ಗೋಪಾಲನಾಥರನ್ನು ಕೇಳಿದ ಹ್ಯಾಂಡಿ, ನಾನೂ ನಿಮ್ಮ ಜೊತೆ ವೇದಿಕೆಗೆ ಬರಬಹುದೇ ಎಂದು ಕೇಳಿದರು.

ಆ ಕೋರಿಕೆಯನ್ನು ತುಸು ನಿಂತು ನೋಡಬೇಕು. ಹ್ಯಾಂಡಿ ಹೊಸಬರೇನಲ್ಲ. ಅಲಿ ಅಕ್ಬರ್ ಖಾನರ ಜೊತೆ ಆಗಲೇ ರೆಕಾರ್ಡ್ ತಂದಿದ್ದರು. ವಾದ್ಯ ಅವರದು, ಉತ್ಸವವೂ ಅವರ ಸಂಗೀತದ್ದೇ. ಆದರೂ ಕೇಳಿದವರು ಅವರು. ಗೋಪಾಲನಾಥ್ ಮುಂದೆ 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಬಿಬಿಸಿ ಪ್ರಾಮ್ಸ್‌ಗೆ ಹೋದರು, 2004ರಲ್ಲಿ ಪದ್ಮಶ್ರೀ ಪಡೆದರು. 2019ರ ಅಕ್ಟೋಬರಿನಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕರಾವಳಿಯ ದೇವಸ್ಥಾನ, ಮದುವೆಗಳಲ್ಲಿ ಸ್ಯಾಕ್ಸೊಫೋನ್ ಮಂಗಳವಾದ್ಯವೇ ಆಗಿಬಿಟ್ಟಿತ್ತು. ತುಳುನಾಡಿನ ಮಕ್ಕಳಿಗೆ ಅದು ಪರದೇಶಿ ವಾದ್ಯ ಎಂದರೆ ನಂಬುವುದಿಲ್ಲ.

ಬಾಕ್ಸ್: ಖಾಕಿಯ ಮೇಳ
ಬ್ರಾಸ್ ಬ್ಯಾಂಡ್ ಮುಗಿದೇ ಹೋಯಿತು ಎನ್ನುತ್ತಿದ್ದಾಗ ಮುಂಬೈ ಪೊಲೀಸ್ ಬ್ಯಾಂಡ್ ‘ಖಾಕಿ ಸ್ಟುಡಿಯೊ’ ಹೆಸರಿನಲ್ಲಿ ವಿಡಿಯೊ ಮಾಡತೊಡಗಿತು. ‘ಪುಷ್ಪ’ ಚಿತ್ರದ ‘ಶ್ರೀವಲ್ಲಿ’ ಹಾಡನ್ನು ನುಡಿಸಿದಾಗ ಜನ ಮುಗಿಬಿದ್ದು ನೋಡಿದರು. ‘ನಿಲ್ಲಿಸೋದು ಯಾವಾಗ’ ಎಂಬ ಪ್ರಶ್ನೆ ಇವರಿಗೊಬ್ಬರಿಗೆ ಇಲ್ಲ. ಪೊಲೀಸರು ಆಗಲೇ ಬಂದಿದ್ದಾರೆ.

ಕುರ್ಲಾದಲ್ಲಿ ಧಾರೆ

ದೊಡ್ಡ ಆರ್ಕೆಸ್ಟ್ರಾಗಳ ಕಾಲ ಎಂಬತ್ತು, ತೊಂಬತ್ತರ ದಶಕಗಳಲ್ಲಿ ಸಿಂಥಸೈಜರ್ ಬಂದು ಸೊರಗಿತು. ಒಂದೇ ಕೀಬೋರ್ಡು ಇಪ್ಪತ್ತು ಪಿಟೀಲುಗಳ ಕೆಲಸ ಮಾಡಿತು, ಕೆಟ್ಟದಾಗಿಯೇ ಆದರೂ ಅಗ್ಗವಾಗಿ. ಇಂದಿನ ಹೊಸಬ ತನ್ನ ಪೆದ್ದು ಪ್ರಶ್ನೆಯನ್ನು ಮೊಬೈಲಿಗೆ ಕೇಳುತ್ತಾನೆ. ಅದು ನಗುವುದಿಲ್ಲ, ಬೇಸರಿಸುವುದೂ ಇಲ್ಲ. ಆದರೆ ಹಾಡುವವರಿಗೆ ಇವತ್ತು ಶೀತ, ಒಂದು ಕೀಲಿ ಕೆಳಗೆ ಹಿಡೀಬೇಕು ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಅದಕ್ಕೆ ಪಕ್ಕದವನೇ ಆಗಬೇಕು.

ಹಾಗಾಗಿ ಮನುಷ್ಯರನ್ನೇ ಕೇಳುವ ಪದ್ಧತಿ ಮದುವೆ ಹಾಲುಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಕುರ್ಲಾದ ಬಂಟರ ಭವನವಿರಲಿ, ಸಾಂತಾಕ್ರೂಜ್‌ನ ಬಿಲ್ಲವ ಭವನವಿರಲಿ, ನಮ್ಮವರ ಮದುವೆಯಲ್ಲಿ ವೇದಿಕೆಯ ಪಕ್ಕದಲ್ಲಿ ಸ್ಯಾಕ್ಸೊಫೋನು, ಡೋಲು ಕೇಳುವುದುಂಟು. ಅಂಥದೊಂದು ಮದುವೆಯಲ್ಲಿ ನಾನು ಕೂತದ್ದು ಮೇಳದವರ ಹಿಂದಿನ ಸಾಲಿನಲ್ಲಿ. ಊರಿಂದ ಬಂದ ಹೊಸ ಡೋಲಿನವನು ಹಿರಿಯ ಸ್ಯಾಕ್ಸೊಫೋನಿಗರನ್ನು ಕೇಳುತ್ತಿದ್ದ.

“ಅಣ್ಣಾ, ಗಟ್ಟಿಮೇಳ ಯಾವಾಗ ಅಂತ ನಂಗೆ ಹೇಗೆ ಗೊತ್ತಾಗೋದು?”

“ಭಟ್ರ ಕೈ ನೋಡು ಮಾರಾಯ. ಕೈ ಮೇಲೆ ಹೋದರೆ ಹೊಡಿ. ವಿಡಿಯೊದವನ ಕೈ ನೋಡಬೇಡ. ಅವನದ್ದು ಬೆಳಿಗ್ಗೆಯಿಂದ ಮೇಲೇ ಇದೆ.”

ಧಾರೆ ಎರೆದರು, ಗಟ್ಟಿಮೇಳ ಮೊಳಗಿತು, ಅಕ್ಷತೆ ಬಿತ್ತು. ಅಷ್ಟರಲ್ಲಿ ಫೋಟೊದವನು ಓಡಿಬಂದು, ನಡುವೆ ಯಾರೋ ಮಾವ ಅಡ್ಡ ಬಂದರು, ನೀರು ಹೊಯ್ಯುವುದನ್ನು ಇನ್ನೊಮ್ಮೆ ಮಾಡಿ ಎಂದ. ಭಟ್ಟರು ಗೊಣಗುತ್ತಲೇ ತಂಬಿಗೆ ಎತ್ತಿದರು. ಹುಡುಗ ಕಂಗಾಲಾಗಿ ತಿರುಗಿದ: “ಅಣ್ಣಾ, ಈಗ ಮತ್ತೆ ಹೊಡೀಬೇಕಾ?”

ಹಿರಿಯರು ಸ್ಯಾಕ್ಸೊಫೋನಿನ ರೀಡ್ ಒದ್ದೆ ಮಾಡಿಕೊಳ್ಳುತ್ತ ಹೇಳಿದರು: “ಹೊಡಿ, ಹೊಡಿ. ಎರಡನೇ ಧಾರೆಗೆ ಎರಡನೇ ಪಗಾರ ಅಂತ ಧನಿಗಳಿಗೆ ನೀನೇ ಹೇಳು. ಹೊಸಬ ನೀನು, ಗೊತ್ತಾಗಲಿಲ್ಲ ಅಂದ್ಕೊಳ್ತಾರೆ.”